ಬೆಳಿಗ್ಗೆ ತೇಲಿ ಮಧ್ಯಾಹ್ನ ಮುಳುಗಿದ ಹರಿಗೋಲು

"ಮೇಡಂ, ನಾಳೆ ಮಧ್ಯಾಹ್ನ ಪಂಚಾಯಿತಿಯವ್ರು ನನ್ನ ಹರಿಗೋಲಿನ ಪರವಾನಗಿ ಕಸಗೊಂತಾರಂತ್ರಿ. ನಾ ಬಳಿದ ಡಾಂಬರು ಭಾಳ ಗಟ್ಟಿ ಇತ್ರೀ!"

ಸುಮಲತಾ ಕೂರಲೂ ಇಲ್ಲ, ನಿಲ್ಲಲೂ ಇಲ್ಲ. ಪಡಸಾಲೆಯ ಉದ್ದಕ್ಕೂ ಓಡಾಡಿದಳು. ದೋಣಿಮಲೈ ಗಣಿಯ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ದುಡಿದು ಹೊಸಪೇಟೆಯಲ್ಲಿ ನೆಲೆಸಿದ್ದ ರೇಣುಕಾದೇವಿಯ ಬಳಿಗೆ ಜನ ಇಂಥ ಬಿಡಿಸಲಾಗದ ಗಂಟುಗಳನ್ನು ತರುವುದು ಹೊಸದಲ್ಲ. ಅವರ ಆಟೋ ಓಡಿಸುತ್ತಿದ್ದ ನೆಚ್ಚಿನ ಬಂಟ ಓಬಳೇಶ ಆ ಹುಡುಗಿಗೆ ಒಂದು ಲೋಟ ನೀರು ತಂದುಕೊಟ್ಟ.

ಹಿಂದಿನ ದಿನ ಹಂಪಿಯ ಹೊಳೆಯಲ್ಲಿ ಅವಳ ಹರಿಗೋಲು ಆರು ಜನರ ಸಮೇತ ಮುಳುಗಿತ್ತು. ಇನ್ನೊಂದು ಹರಿಗೋಲಿನ ಉಚ್ಚೆಂಗಪ್ಪ ಎಲ್ಲರನ್ನೂ ಎಳೆದು ಉಳಿಸಿ ಊರಿನಿಂದ ಹಾರ ಹಾಕಿಸಿಕೊಂಡಿದ್ದ. ಅಪ್ಪ ಹೊನ್ನೂರಪ್ಪನ ಕೈ ಮುರಿದಿದ್ದರಿಂದ ಈ ಸಲ ತಳಕ್ಕೆ ಡಾಂಬರು ಬಳಿದವಳು ಸುಮಲತಾ. ಅವಳು ಸರಿಯಾಗಿ ಬಳಿಯದ್ದರಿಂದಲೇ ಮುಳುಗಿತೆಂದು ಅಪ್ಪನೇ ಅವಳ ಜೊತೆ ಮಾತು ಬಿಟ್ಟಿದ್ದ.

"ನಿನ್ನೆ ಬೆಳಿಗ್ಗೆ ನೀರು ಜಿನುಗಿತ್ತೇನವ್ವ?" ರೇಣುಕಾದೇವಿ ಕೇಳಿದರು.

"ಒಂದು ಹನೀನೂ ಇಲ್ರಿ. ನಾಕು ಸಲ ದಾಟಿಸಿದೆ. ಊಟದ ಹೊತ್ತಿಗೆ ಬಂಡೆ ಮ್ಯಾಲ ಬೋರಲ ಹಾಕಿದ್ದೆ. ದಿನಾ ಹೊಂಗಿ ಗಿಡದ ನೆಳ್ಳಾಗ ಹಾಕ್ತಿದ್ದೆ, ನಿನ್ನೆ ಅಲ್ಲಿ ಉಚ್ಚೆಂಗಣ್ಣನ ಹರಿಗೋಲು ಇತ್ತು. ಪುಣ್ಯಾತ್ಮ, ನಾ ಚೀರೂ ಮೊದ್ಲ ಖಾಲಿ ಹರಿಗೋಲು ತಗೊಂಡು ಬಂದುಬಿಟ್ಟಿದ್ದ!"

ಮರುದಿನ ನಡುಮಧ್ಯಾಹ್ನ ಪಂಚಾಯಿತಿಯವರು, ಅಪ್ಪ ಮಗಳು, ಉಚ್ಚೆಂಗಪ್ಪ ಎಲ್ಲರೂ ಹೊಳೆದಂಡೆಗೆ ಬಂದರು. ರೇಣುಕಾದೇವಿ ಅದೇ ಬಂಡೆಯ ಮೇಲೆ ಐಸಿನ ತುಂಡು, ಮೇಣದ ಬತ್ತಿ, ಡಾಂಬರಿನ ಗಡ್ಡೆ ಇಡಿಸಿ ಕಾದರು. ಐಸು ಆಗಲೇ ನೀರಾಯಿತು. ಓಬಳೇಶನಿಗೆ ತಡೆಯಲಾಗಲಿಲ್ಲ.

"ಎಷ್ಟೊತ್ತು ಸುಡೂದ್ರಿ ಮೇಡಂ?"

"ತಡಿಯೋ ಮಾರಾಯ."

ಕಡೆಗೆ ಮೇಣ ಕರಗಿ ಹರಿಯಿತು. ಡಾಂಬರು ಬರೀ ಮೆತ್ತಗಾಯಿತು.

"ನೋಡ್ರಿ. ಡಾಂಬರು ಈ ಬಿಸಿಲಿಗೆ ಅಂಟತೈತಿ, ಹರಿಯಂಗಿಲ್ಲ. ಮೊನ್ನೆ ಹರಿಗೋಲು ಬೋರಲ ಇದ್ದಲ್ಲಿಂದ ಈ ಕರಿ ಗೆರಿ ಹರಿದು ಬಂಡೆ ಕೆಳಗಿನ ನೆಳ್ಳಿಗಿಳಿದು ಹೆಪ್ಪುಗಟ್ಟ್ಯಾವ." ಉಗುರಿನಿಂದ ಕೆರೆದರು. ಗೆರೆ ಪುಡಿಪುಡಿಯಾಗಿ ಎದ್ದಿತು. "ಇದು ಮಸಿ ಕಲಸಿದ ಮೇಣ. ಯಾರೋ ಡಾಂಬರು ಕೆತ್ತಿ ಇದನ್ನ ತುಂಬ್ಯಾರ. ತಂಪೊತ್ತಿನ್ಯಾಗ ತಡೀತು, ಕಾದ ಬಂಡೆ ಮ್ಯಾಲ ಕರಗಿ ತೂತು ತೆರೀತು. ಹರಿಗೋಲು ಬಿಸಿಲಿಗೇ ಬೀಳಬೇಕಂದ್ರ ನೆಳ್ಳು ಖಾಲಿ ಇರಬಾರದು. ಆ ನೆಳ್ಳು ಹಿಡಿದವರು ಯಾರು? ಕೂಗೂ ಮೊದ್ಲ ಖಾಲಿ ಹರಿಗೋಲು ತಗೊಂಡು ಹೊಂಟವರು ಯಾರು? ಇವಳ ಪರವಾನಗಿ ಹೋದ್ರ ಇಲ್ಲಿ ಹೊಳಿ ದಾಟೂ ಗಿರಾಕಿ ಎಲ್ಲಾ ಯಾರಿಗೆ?"

ಎಲ್ಲರ ಕಣ್ಣೂ ಉಚ್ಚೆಂಗಪ್ಪನ ಮೇಲೆ ಬಿತ್ತು.

"ಯಾರೂ ಸಾಯಬಾರದಂತನ ನಾ ಮೊದ್ಲ ಹೊಂಟಿದ್ದು!" ಅಂದವನು ನಾಲಿಗೆ ಕಚ್ಚಿಕೊಂಡ. ಓಬಳೇಶ ಅವನ ರಟ್ಟೆ ಹಿಡಿದೇಬಿಟ್ಟ.

ಪರವಾನಗಿ ಉಳಿಯಿತು. ಆದರೂ ಸುಮಲತಾ ಅಪ್ಪನ ಮುಖ ನೋಡಲಿಲ್ಲ, ಹೊಳೆಯಿಂದ ಎತ್ತಿದ ಹರಿಗೋಲಿಗೆ ಒಬ್ಬಳೇ ಹೊಸ ಡಾಂಬರು ಬಳಿದಳು. ಎರಡು ದಿನದ ಮೇಲೆ ಹರಿಗೋಲನ್ನು ನೀರಿಗೆ ಇಳಿಸಿದಾಗ ಹತ್ತಲು ಯಾರಿಗೂ ಧೈರ್ಯವಾಗಲಿಲ್ಲ. ಓಬಳೇಶನ ಕಾಲೂ ನೆಲ ಬಿಡಲಿಲ್ಲ. ಆಗ ಮುರಿದ ಕೈಗೆ ಪಟ್ಟಿ ಕಟ್ಟಿಕೊಂಡು ಈಜಲೂ ಆಗದ ಹೊನ್ನೂರಪ್ಪ ಮೊದಲು ಹತ್ತಿ ಕುಳಿತ.

"ನಾ ತಪ್ಪು ತಿಳಿದೆವ್ವ," ಅಂದ. "ಆ ದಂಡಿಗೆ ಬಿಡು ನನ್ನ."