ಉಪ್ಪಿಟ್ಟು ರ್‍ಯಾಪ್

"ಹೇಳೇ, ನನ್ ಹಾಡು ಅಷ್ಟು ಕೆಟ್ಟದಾಗಿತ್ತಾ?"

ಕವನ ಬೋರ್ಡಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಅವಳ ಮೂಗು ಕೆಂಪಗಾಗಿತ್ತು. ಮೂಗು ಕೆಂಪಾಯಿತೆಂದರೆ ಹಿಂದೆಯೇ ಅಳು ಬರುತ್ತದೆ ಅಂತ ನಿಖಾತ್‌ಗೆ ಗೊತ್ತು. ಒಂದನೇ ಕ್ಲಾಸಿನಿಂದ ಇಬ್ಬರದ್ದೂ ಒಂದೇ ಬೆಂಚು ಅಲ್ಲವೇ!

"ಕೆಟ್ಟದಾಗಿತ್ತು ಅಂತ ನಾನೆಲ್ಲಿ ಬರ್ದೆ?" ಅಂದಳು ನಿಖಾತ್.

"ಮತ್ತೆ ಇದೇನು?" ಕವನ ಹಾಳೆ ತುಂಬ ಬರೆದದ್ದರ ಮೊದಲ ಸಾಲುಗಳಿಗೆ ಬೆರಳಿಟ್ಟು ಓದಿದಳು. "ಕವನಳ ರ್‍ಯಾಪ್. ಧ್ವನಿ ಸಣ್ಣ. ಸ್ಪೀಡು ಜಾಸ್ತಿ. ನಡುವೆ ಉಸಿರು ಎಳೆದದ್ದು ಲಾಸ್ಟ್ ಬೆಂಚಿಗೂ ಕೇಳಿಸಿತು. ಕೈ ಆಡಿಸಿದ್ದು ನೊಣ ಓಡಿಸಿದ ಹಾಗಿತ್ತು."

ಆ ಬೋರ್ಡು ಜಹೀದಾ ಮಿಸ್ ಶುರುಮಾಡಿದ್ದು. ಸಿನಿಮಾ, ಹಾಡು, ಬಟ್ಟೆ, ಪುಸ್ತಕ, ಯಾವುದರ ಬಗ್ಗೆ ಬೇಕಾದರೂ ಐದನೇ ಕ್ಲಾಸಿನವರು ತಮಗೆ ಅನ್ನಿಸಿದ್ದನ್ನು ಬರೆದು ಅಂಟಿಸಬಹುದು. "ಗೂಗಲ್ ನೋಡಿ ಬರೆದ್ರೆ ಹರಿದು ಹಾಕ್ತೀನಿ" ಅಂತ ಮಿಸ್ ಮೊದಲೇ ಹೆದರಿಸಿದ್ದರು. ಹಾಗಾಗಿ ಅಲ್ಲಿರುವುದೆಲ್ಲ ಅಪ್ಪಟ ಸ್ವಂತದ್ದು.

ಮುಬಶ್ಶಿರ್ ಫ್ಯಾಷನ್ ಬಗ್ಗೆ ಬರೆದಿದ್ದ: "ಹರಿದ ಜೀನ್ಸ್ ಈಗ ಸ್ಟೈಲು. ಆದರೆ ನಮ್ಮಮ್ಮಿ ನನ್ನದನ್ನು ಹೊಲಿದುಬಿಟ್ಟರು. ಸ್ಟೈಲು ಹೋಯಿತು." ಇಸ್ರಾರ್ ಲೈಬ್ರರಿ ಪುಸ್ತಕದ ಬಗ್ಗೆ ಬರೆದಿದ್ದ: "ಕತೆ ಸೂಪರ್. ಕೊನೇ ಹಾಳೆ ಯಾರೋ ಕಿತ್ತಿದ್ದಾರೆ. ರಾಜ ಬದುಕಿದನೋ ಸತ್ತನೋ, ಗೊತ್ತಿರುವವರು ದಯವಿಟ್ಟು ತಿಳಿಸಿ."

ಎಲ್ಲರಿಗಿಂತ ಫೇಮಸ್ ನಿಖಾತ್. ಹೋದ ವಾರ ಒಂದು ಸಿನಿಮಾ ಬಗ್ಗೆ ಬರೆದಿದ್ದಳು: "ಹೀರೋ ಕೆಸರಿನಲ್ಲಿ ಬಿದ್ದು ಎದ್ದು ಎಲ್ಲರಿಗೂ ಹೊಡೆದ. ಬಿಳಿ ಪ್ಯಾಂಟು ಬಿಳಿಯಾಗೇ ಇತ್ತು. ಯಾವ ಸೋಪು ಅಂತ ಹೇಳಲಿಲ್ಲ." ಹೆಡ್ ಮಾಸ್ಟರೂ ಓದಿ ನಕ್ಕಿದ್ದರು.

ಈಗ ಮಾತ್ರ ಯಾರೂ ನಗುತ್ತಿರಲಿಲ್ಲ.

"ಸ್ಕೂಲ್ ಡೇಗೆ ನಾನ್ ಹಾಡಲ್ಲ. ಮಿಸ್‌ಗೆ ಹೇಳ್ಬುಟ್ಟೆ," ಅಂದಳು ಕವನ. ಬ್ಯಾಗು ಎತ್ತಿಕೊಂಡು ಹೋಗಿ ಮುಬಶ್ಶಿರ್ ಪಕ್ಕ ಕೂತಳು. ಚಾಕ್‌ಪೀಸ್ ತಿನ್ನೋ ಮುಬಶ್ಶಿರ್ ಪಕ್ಕ! ಅಂದರೆ ಕೋಪ ಎಷ್ಟಿರಬೇಕು ನೋಡಿ.

ನಿಖಾತ್‌ಗೆ ತಲೆಬುಡ ಅರ್ಥವಾಗಲಿಲ್ಲ. ಕವನ ಸ್ಕೂಲ್ ಡೇಗೆಂದು ತಾನೇ ಕಟ್ಟಿ ಕ್ಲಾಸಿನಲ್ಲಿ ಹಾಡಿ ತೋರಿಸಿದ್ದ ಆ ಹಾಡು ಇವಳಿಗೆ ಎಷ್ಟು ಇಷ್ಟವೆಂದರೆ, ಬಾತ್‌ರೂಮಿನಲ್ಲಿ ಅದನ್ನೇ ಹಾಡುತ್ತಾ ನಿಂತು ಅಮ್ಮಿಯ ಕೈಲಿ ಬೈಸಿಕೊಂಡಿದ್ದಳು. ಇಷ್ಟವಾಗದಿದ್ದರೆ ಒಂದೇ ಸಾಲು ಬರೆದು ಮುಗಿಸುತ್ತಿದ್ದಳು. ಇಷ್ಟವಾಗಿದ್ದಕ್ಕೇ ತಾನೇ ಅಷ್ಟುದ್ದ ಬರೆದದ್ದು! ಅವರ ಮನೆಯಲ್ಲಿ ಎಲ್ಲರೂ ಹಾಗೇ. ಬಿರಿಯಾನಿ ಭಾಳ ಚೆನ್ನಾಗಿದ್ದ ದಿನವೇ ಅಬ್ಬಾ "ಉಪ್ಪು ಒಸಿ ಮುಂದೆ" ಅನ್ನೋದು.

ವಾರವಿಡೀ ಕವನ ಮಾತಾಡಲಿಲ್ಲ. ನಿಖಾತ್ ಒಬ್ಬಳೇ ಬುತ್ತಿ ತಿಂದಳು. ರುಚಿಯೇ ಹತ್ತಲಿಲ್ಲ.

ಭಾನುವಾರ ಬೆಳಗ್ಗೆ ಅಬ್ಬಾನಿಗೆ ತಿಂಡಿ ತೆಗೆದುಕೊಂಡು ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಹೋದಳು. ಅಬ್ಬಾ ಖಲಂದರ್ ರೀಲರ್. ರೈತರಿಂದ ರೇಷ್ಮೆಗೂಡು ಕೊಂಡು, ಬೇಯಿಸಿ, ನೂಲು ತೆಗೆಸುವುದು ಅವರ ಕೆಲಸ. ಮಾರ್ಕೆಟ್ಟಿನ ತೊಟ್ಟಿಗಳಲ್ಲಿ ಗೂಡು ರಾಶಿ ರಾಶಿ ಬಿದ್ದಿತ್ತು. ಒಂದು ತೊಟ್ಟಿಯ ಮುಂದೆ ಅಬ್ಬಾ ನಿಂತಿದ್ದರು. ಆಚೆ ಕಡೆ ನೋಡಿದರೆ, ಅಯ್ಯೋ, ಅಕ್ಕೂರಿನ ಉದಯಶಂಕರ್! ಕವನಳ ಅಪ್ಪ. ಕವನ ಖಾಲಿ ಚೀಲಗಳ ಮೇಲೆ ಕೂತು ಬೇರೆ ಕಡೆ ಮುಖ ತಿರುಗಿಸಿಕೊಂಡಳು.

ಅಬ್ಬಾ ರಾಶಿಯ ತಳಕ್ಕೆ ಕೈ ಹಾಕಿ ಒಂದು ಹಿಡಿ ಗೂಡು ತೆಗೆದರು. ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು. ಮುಖ ಸಿಂಡರಿಸಿದರು.

"ಏನ್ ಉದಯಣ್ಣ, ಗೂಡು ಸಣ್ಣ ಆಯ್ತಲ್ಲ. ಒಸಿ ಮೆತ್ತಗೂ ಐತೆ. ಬಣ್ಣಾನೂ ಡಲ್ಲು."

"ಹಗ್ಲೂ ರಾತ್ರಿ ಸೊಪ್ಪು ಹಾಕಿ ಸಾಕಿದ್ದು ಕಣಣ್ಣ," ಅಂದರು ಉದಯಶಂಕರ್. ದನಿ ಇಳಿದು ಹೋಯಿತು.

ಅಬ್ಬಾ ತಲೆ ಕೊಡವಿ ನಿಖಾತ್ ನಿಂತಿದ್ದ ಕಂಬದ ಹಿಂದೆ ಬಂದರು. ಈಗ ಕೂಗುವ ಹರಾಜಿಲ್ಲ. ಬೆಲೆಯನ್ನು ಮೊಬೈಲಿನಲ್ಲೇ ಗುಟ್ಟಾಗಿ ಒತ್ತಬೇಕು. ಕಂಬದ ಹಿಂದೆ ಬಂದದ್ದೇ ತಡ, ಅಬ್ಬಾನ ಮುಖ ಅರಳಿತು.

"ಬೇಟಾ, ಚಿನ್ನದಂಥ ಗೂಡು! ಈ ಸೀಸನ್‌ನಲ್ಲೇ ಇಂಥದ್ದು ನೋಡಿಲ್ಲ," ಅಂತ ಪಿಸುಗುಟ್ಟುತ್ತಾ ಟಪಟಪ ಒತ್ತಿದರು.

"ಮತ್ತೆ ಡಲ್ಲು ಅಂದ್ರಲ್ಲ?"

"ಅರೇ, ಕೊಳ್ಳೋ ಮುಂಚೆ ಯಾರಾದ್ರೂ ಹೊಗಳ್ತಾರಾ? ರೇಟು ಏರಲ್ವಾ?"

"ಕೊಂಡ್ಮೇಲೆ ಹೇಳ್ತೀರಾ?"

ಅಬ್ಬಾ ಗಡ್ಡ ಕೆರೆದುಕೊಂಡರು. "ಕೊಂಡ್ಮೇಲೆ... ಕೊಂಡ್ಮೇಲೆ ಯಾಕೆ ಹೇಳ್ಬೇಕು?"

ನಿಖಾತ್ ಕಂಬದಿಂದ ಇಣುಕಿದಳು. ಉದಯಶಂಕರ್ ತಮ್ಮದೇ ಗೂಡೊಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಮತ್ತೊಂದನ್ನು ಎತ್ತಿದರು. ನಿಜವಾಗಲೂ ಡಲ್ಲಾ ಅಂತ. ಕವನಳೂ ಎದ್ದು ಬಂದು ಅಪ್ಪನ ಜೊತೆ ನೋಡತೊಡಗಿದಳು. ಅವಳ ಮೂಗು ಕೆಂಪಗಾಗಿತ್ತು.

ನಿಖಾತ್‌ಗೆ ಬೋರ್ಡಿನ ಹಾಳೆ ನೆನಪಾಯಿತು. ಕವನಳ ಹಾಡನ್ನು ಅವಳೇನು ಕೊಳ್ಳಬೇಕಿತ್ತೇ?

ಗೂಡು ಅಬ್ಬಾನಿಗೇ ಆಯಿತು. "ಈಗ ಹೇಳಿ," ಅಂತ ನಿಖಾತ್ ಅಬ್ಬಾನನ್ನು ತಳ್ಳಿದಳು. ಅಬ್ಬಾ ಕೆಮ್ಮಿದರು. ಟೋಪಿ ಸರಿಮಾಡಿಕೊಂಡರು.

"ಉದಯಣ್ಣ, ಗೂಡು... ಚೆನ್ನಾಗೈತೆ."

ಉದಯಶಂಕರ್ ಗಾಬರಿಯಾದರು. "ಯಾಕ್ ಖಲಂದರಣ್ಣ, ಮೈಗೆ ಹುಷಾರಿಲ್ವಾ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕುಬಿಟ್ಟರು. ಕವನ ಮಾತ್ರ ನಗಲಿಲ್ಲ. ನಿಖಾತ್ ಅವಳ ಹತ್ತಿರ ಹೋದಳು.

"ನಿನ್ ಹಾಡು ಚೆನ್ನಾಗಿತ್ತು ಕಣೇ."

"ಸುಳ್ಳು."

"ಅಲ್ಲಾಣೆ!"

"ಬೋರ್ಡಲ್ಲಿ ಬರ್ದಿದ್ಯಲ್ಲ. ಎಲ್ಲಾರೂ ಓದವ್ರೆ."

ಇನ್ನು ಏನು ಹೇಳಿದರೂ ಇವಳು ನಂಬುವುದಿಲ್ಲ. ನಿಖಾತ್ ಟಿಫನ್ ಡಬ್ಬಿ ಕೆಳಗಿಟ್ಟಳು. ಅಷ್ಟೂ ಜನ ರೈತರು, ರೀಲರ್‌ಗಳ ನಡುವೆ ನಿಂತು ಹಾಡಿಯೇಬಿಟ್ಟಳು:

"ಹುಳಕ್ಕೆ ಸೊಪ್ಪು, ನಂಗೆ ಉಪ್ಪಿಟ್ಟು,
ಅದು ತಿಂದ್ರೆ ರೇಷ್ಮೆ, ನಾ ತಿಂದ್ರೆ ಸಿಟ್ಟು!
ದಿನಾ ಉಪ್ಪಿಟ್ಟು, ದಿನಾ ಉಪ್ಪಿಟ್ಟು,
ಅವ್ವಾ, ನಂಗೂ ಸೊಪ್ಪೇ ಕೊಟ್ಬುಡು!"

ಒಂದು ಅಕ್ಷರ ಬಿಡಲಿಲ್ಲ. ಕೈಯನ್ನೂ ನೊಣ ಓಡಿಸಿದ ಹಾಗೇ ಆಡಿಸಿದಳು. ತೊಟ್ಟಿಯ ಹತ್ತಿರ ನಿಂತಿದ್ದ ಅಜ್ಜನೊಬ್ಬ "ಏನವ್ವಾ ಇದು, ಭೇಷಾಗೈತೆ!" ಅಂದ.

ಕವನ ಬಾಯಿ ಬಿಟ್ಟುಕೊಂಡು ನೋಡಿದಳು. "ಪೂರ್ತಿ ಬರ್ತದಾ ನಿಂಗೆ?"

"ಬಾತ್‌ರೂಮಲ್ಲಿ ದಿನಾ ಹಾಡ್ತೀನಿ."

ಕವನ ಹೋಗಿ ಮತ್ತೆ ಖಾಲಿ ಚೀಲಗಳ ಮೇಲೆ ಕೂತಳು. ಆಮೇಲೆ ಮೆಲ್ಲಗೆ ಅಂದಳು. "ಕೊನೇ ಲೈನು ನೀನು ಅವಸರ ಮಾಡ್ಬುಟ್ಟೆ. ಕತ್ತೆ ಓಡ್ದಂಗಿತ್ತು."

ನಿಖಾತ್‌ಗೆ ಚುರುಕ್ ಅಂತು. ಅವಸರ ಮಾಡಿದ್ದು ನಿಜವೇ. ನಿಜ ಅಂತ ಗೊತ್ತಿದ್ದರೂ ಚುರುಕ್ ಅಂತು. ಇಷ್ಟು ಸಣ್ಣ ಮಾತಿಗೇ ಹೀಗಾದರೆ, ತಾನು ಬರೆದದ್ದು ಒಂದು ಇಡೀ ಹಾಳೆ ಅಲ್ಲವೇ!

ಅವಳು ಚೀಲಗಳ ಮೇಲೆ ಕವನಳ ಪಕ್ಕ ಕೂತಳು.

"ಹೆಂಗೆ ಹಾಡ್ಬೇಕು? ಹೇಳ್ಕೊಡೇ," ಅಂದಳು.