ಬರ್ಮಾ ಚೀಟಿಯ ಕಳ್ಳ

"ನೀವೇನಾ ಕೆಂಚೇಶ್?"

"ಹೌದ್ರೀ... ನಾನೇ. ನೀವು ಸಂಧ್ಯಾ ಅಲ್ವಾ?"

ಅವನ ಮುಖದಲ್ಲಿ ನಗು ಇನ್ನೂ ಪೂರ್ತಿ ಅರಳಿರಲಿಲ್ಲ.

"ಹಂಗಾದ್ರೆ ಎಲ್ಲರ ಮುಂದೇನೇ ಕೇಳ್ತೀನಿ. ನನ್ನ ಬರ್ಮಾ ಚೀಟಿ ಎಲ್ಲಿ? ಅಸಲಿ ನೀವಿಟ್ಕೊಂಡು ನನಗೆ ನಕಲಿ ಕಳಿಸಾಕೆ ಹೆಂಗೆ ಮನಸ್ಸು ಬಂತು? ಕಳ್ಳ!"

ಚನ್ನಗಿರಿಯ ಸಮುದಾಯ ಭವನದಲ್ಲಿ, ಅಂಚೆ ಚೀಟಿ ಸಂಗ್ರಹಕಾರರ ಕೂಟದ ಪ್ರದರ್ಶನದಲ್ಲಿ, ಆಲ್ಬಮ್ಮುಗಳ ಮೇಲೆ ಬಗ್ಗಿದ್ದ ತಲೆಗಳೆಲ್ಲ ಒಟ್ಟಿಗೆ ಮೇಲೆದ್ದವು. ಯಾರದೋ ಕೈಯಲ್ಲಿದ್ದ ಚಹಾ ಅರ್ಧ ದಾರಿಯಲ್ಲೇ ನಿಂತಿತು.

ಕೆಂಚೇಶ್ ನಿಂತಲ್ಲೇ ನಿಂತ. ಒಂದು ವರ್ಷ ದಿನಾ ಮೆಸೇಜು, ತಿಂಗಳಿಗೊಮ್ಮೆ ರಿಜಿಸ್ಟರ್ ಪೋಸ್ಟು. ಮುಖ ನೋಡಿದ್ದು ಇದೇ ಮೊದಲು. ಆ ಮೊದಲ ದಿನವೇ ಹುಡುಗಿ ಹುಡುಗನಿಗೆ ಕೊಟ್ಟ ಬಿರುದು ಇದು!

ಇಬ್ಬರಿಗೂ ಇದ್ದ ಹುಚ್ಚು ಒಂದೇ, ಮೇಲಚ್ಚಿನ ಚೀಟಿಗಳು. ಬ್ರಿಟಿಷರ ಕಾಲದಲ್ಲಿ ಒಂದು ಸೀಮೆಗೆ ಹೊಸ ಅಂಚೆ ಚೀಟಿಯನ್ನೋ ರೆವಿನ್ಯೂ ಸ್ಟಾಂಪನ್ನೋ ತಯಾರಿಸಲು ಪುರುಸೊತ್ತಿಲ್ಲದಿದ್ದರೆ, ಇಂಡಿಯಾದ ಚೀಟಿಯ ಮೇಲೇ ಆ ಸೀಮೆಯ ಹೆಸರನ್ನು ಕಪ್ಪು ಮಸಿಯಲ್ಲಿ ಒತ್ತಿಬಿಡುತ್ತಿದ್ದರು. ಬರ್ಮಾ, ಕುವೈತ್, ಬಹ್ರೇನ್, ದೂರದ ಜಾಂಜಿಬಾರ್... ಅದೇ ದೊರೆಯ ಮುಖ, ಮೇಲೆ ಬೇರೆ ಊರಿನ ಹೆಸರು. ಸಾದಾ ಚೀಟಿಗಿಂತ ಇವಕ್ಕೆ ಬೆಲೆ ಹೆಚ್ಚು. ಬೆಲೆ ಇದ್ದಲ್ಲಿ ನಕಲಿಯೂ ಇರುತ್ತದೆ. ಸಾದಾ ಚೀಟಿ ತಂದು ಮನೆಯಲ್ಲೇ ಹೆಸರು ಒತ್ತಿ ಮಾರುವ ಪುಣ್ಯಾತ್ಮರಿಗೆ ಯಾವ ಕಾಲದಲ್ಲೂ ಬರವಿಲ್ಲ.

ಸಂಧ್ಯಾರಾಣಿಯ ಆಲ್ಬಮ್ಮಿನ ಕಣ್ಮಣಿ ಆ ಬರ್ಮಾ ಚೀಟಿ. ಅವಳಿಗೆ ಈ ವಿದ್ಯೆ ಕಲಿಸಿದ ಹೊನ್ನಾಳಿಯ ಪಂಚಾಕ್ಷರಪ್ಪ ಮೇಷ್ಟ್ರು, ಅವಳು ಪ್ರದರ್ಶನದಲ್ಲಿ ಮೊದಲ ಬಹುಮಾನ ಗೆದ್ದ ದಿನ ಮನೆಗೆ ಕರೆದು ತಮ್ಮ ಕೈಯಾರೆ ಕೊಟ್ಟಿದ್ದು. ಅದನ್ನೇ ಕಳೆದ ತಿಂಗಳು ಅವಳು, ಮೇಷ್ಟ್ರು ಕೊಟ್ಟ ಕಥೆಯನ್ನೂ ಬರೆದು, ಕೆಂಚೇಶನಿಗೆ ಕಳಿಸಿದ್ದಳು. ಸಂಗ್ರಹಕಾರರಲ್ಲಿ ಹಾಗೊಂದು ಪದ್ಧತಿ ಇದೆ. ಬರೀ ನಂಬಿಕೆಯ ಮೇಲೆ ಚೀಟಿ ಕಳಿಸುವುದು. ಹಿಡಿಸಿದರೆ ಇಟ್ಟುಕೊಂಡು ಬದಲಿಗೆ ತಮ್ಮದೊಂದು ಕಳಿಸಬೇಕು, ಹಿಡಿಸದಿದ್ದರೆ ವಾಪಸ್ ಮಾಡಬೇಕು.

ಅವಳು ಮಾತ್ರ ಬದಲಿಯ ಆಸೆಗೆ ಕಳಿಸಿರಲಿಲ್ಲ. 'ನನ್ನ ಹತ್ತಿರ ಇರೋದರಲ್ಲೆಲ್ಲ ಒಳ್ಳೇದು ಇದು. ಇದನ್ನು ಕೊಟ್ಟರೆ ಉಳಿದದ್ದು ಅವನಿಗೇ ಅರ್ಥ ಆಗುತ್ತೆ...' ಅಂದುಕೊಂಡಿದ್ದಳು. ಬಾಯಲ್ಲಿ ಹೇಳಲು ನಾಚಿಕೆ ನೋಡಿ!

ಚೀಟಿ ವಾಪಸ್ ಬಂತು. ಜೊತೆಗೆ ಒಂದೇ ಸಾಲು: 'ನನಗೆ ಬೇಡ, ನಿಮ್ಮ ಹತ್ರಾನೇ ಇರಲಿ.' ಆಮೇಲೆ ಅವನ ಮೆಸೇಜುಗಳೂ ನಿಂತವು. ಅವಳು ದಿಂಬಿನಲ್ಲಿ ಮುಖ ಹುದುಗಿಸಿ ಅತ್ತಳು. ಈ ದಿನ ಬೆಳಗ್ಗೆ ದಾವಣಗೆರೆಯ ಚೀಟಿ ವ್ಯಾಪಾರಿ ಸತೀಶ್ ಕುಮಾರ್, ಅವಳ ಫ್ರೇಮಿನ ಮುಂದೆ ಲೆನ್ಸ್ ಹಿಡಿದು, "ಇದು ನಕಲಿ ಐತಲ್ಲಮ್ಮ!" ಅಂದುಬಿಟ್ಟ. ಅಷ್ಟು ಸಾಕಾಯಿತು. ಪ್ರೀತಿ ಬೇಡ ಅಂದಿದ್ದಲ್ಲದೆ ಚೀಟಿಯನ್ನೂ ನುಂಗಿದ!

"ನಾನು ಬದಲಾಯಿಸಿಲ್ಲ," ಅಂದ ಕೆಂಚೇಶ್, ಮೆಲ್ಲಗೆ.

"ಹಂಗಾದ್ರೆ ನಕಲಿ ಎಲ್ಲಿಂದ ಬಂತ್ರೀ?" ಸತೀಶ್ ಕುಮಾರ್ ಮುಂದೆ ಬಂದ.

ಕೆಂಚೇಶ್ ಉತ್ತರ ಕೊಡಲು ಬಾಯಿ ತೆರೆದ. ಅವನ ಕಣ್ಣು ಒಂದು ಗಳಿಗೆ ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದ ಪಂಚಾಕ್ಷರಪ್ಪ ಮೇಷ್ಟ್ರ ಕಡೆ ಹೋಯಿತು. ತೆರೆದ ಬಾಯಿ ಮುಚ್ಚಿಕೊಂಡಿತು.

"ಎಂಥೆಂಥೋರನ್ನೋ ಸೇರಿಸ್ಕೊಂಡ್ರೆ ಹಿಂಗೇ ಆಗೋದು," ಹಿಂದಿನಿಂದ ಯಾರೋ ಗೊಣಗಿದರು.

ಆ ಮಾತು ಎಲ್ಲರಿಗೂ ಕೇಳಿಸಿತು. ಯಾರೂ ತಡೆಯಲಿಲ್ಲ. ಸಂಧ್ಯಾಳಿಗೆ ಒಳಗೆ ಏನೋ ಚುಚ್ಚಿತು, ಆದರೂ ಸಿಟ್ಟು ಅವಳ ಬಾಯನ್ನು ಕಟ್ಟಿಹಾಕಿತ್ತು.

ಕೆಂಚೇಶ್ ಅವಳನ್ನೇ ನೋಡಿದ. "ನಮ್ಮಂಥೋರಿಗೆ ಕಳ್ಳತನ ಬಲು ಬೇಗ ಅಂಟಿಸ್ತಾರ್ರೀ. ಅದು ಹೊಸದಲ್ಲ... ನೀವೂ ಅಂಟಿಸ್ತೀರಿ ಅಂತ ಅಂದ್ಕೊಂಡಿರ್ಲಿಲ್ಲ."

ಅಷ್ಟು ಹೇಳಿ ಹೊರಟೇಹೋದ.

ಮುಂದಿನ ಭಾನುವಾರ ಹೊನ್ನಾಳಿಯಲ್ಲಿ ಸಭೆ ಅಂತ ತೀರ್ಮಾನವಾಯಿತು. ಅಲ್ಲಿ ಅವನನ್ನು ಕೂಟದಿಂದ ತೆಗೆದು, ಚೀಟಿ ಬದಲಾಯಿಸುವವನು ಅಂತ ರಾಜ್ಯದ ಎಲ್ಲ ಗ್ರೂಪುಗಳಿಗೂ ಹೆಸರು ಹಾಕುವುದು. ಜಗಳೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಶಿಕ್ಷಕ ಅವನು. ಈ ಸುದ್ದಿ ಶಾಲೆಯ ತನಕ ಹೋಗದೆ ಇರುತ್ತದೆಯೇ?

ಗೆದ್ದವಳಿಗೆ ನಿದ್ದೆ ಬರಬೇಕಿತ್ತು. ಬರಲಿಲ್ಲ!

ಸಂಧ್ಯಾಳ ಕೆಲಸ ನ್ಯಾಮತಿಯ ಸಹಕಾರಿ ಸಂಘದಲ್ಲಿ, ಇ-ಸ್ಟಾಂಪ್ ಕೌಂಟರಿನಲ್ಲಿ. ಬುಧವಾರ ಅವಳು ಬಾಡಿಗೆ ಕರಾರಿಗೆ ಬಂದವರ ಹೆಸರನ್ನು ಎರಡು ಸಲ ತಪ್ಪು ಹೊಡೆದಳು. ಪಕ್ಕದ ಕುರ್ಚಿಯ ಪ್ರಮೀಳಾ ನೋಡುವಷ್ಟು ನೋಡಿ, ಕೊನೆಗೆ ಕೌಂಟರಿನ ಗಾಜು ಎಳೆದಳು.

"ಏನೇ ಇದು ನಿನ್ನ ಅವತಾರ? ಬೈದಿದ್ದು ನೀನು, ಬೈಸ್ಕೊಂಡೋಳ ಥರ ಕೂತಿದೀಯ!"

"ಅವನು ಹಂಗ್ಯಾಕೆ ನೋಡ್ದ ಪಮ್ಮಿ? ಕಳ್ಳ ಹಂಗೆ ನೋಡ್ತಾನಾ?"

"ಅಲ್ಲ, ಕಳಿಸೋಕೆ ಮುಂಚೆ ಫೋಟೋ ತೆಗೀತೀರಲ್ಲ ನೀವೆಲ್ಲ. ಅದನ್ನ ಇದರ ಜೊತೆ ಹಿಡಿದು ನೋಡಿದ್ಯಾ?"

ಸಂಧ್ಯಾ ಫೋನಿಗೆ ಕೈ ಹಾಕಿದಳು.

ನೋಡಿರಲಿಲ್ಲ! ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಇವಳು ಪ್ರತ್ಯಕ್ಷವನ್ನೂ ಕಂಡಿರಲಿಲ್ಲ, ಪ್ರಮಾಣಿಸಿಯೂ ಇರಲಿಲ್ಲ.

ಫೋನಿನ ಫೋಟೋ ಹುಡುಕಿ ದೊಡ್ಡದು ಮಾಡಿದಳು. ಬ್ಯಾಗಿನಲ್ಲೇ ಇದ್ದ ಚೀಟಿ ತೆಗೆದು ಪಕ್ಕದಲ್ಲಿಟ್ಟಳು. ದೊರೆಯ ಕಿವಿಯ ಮೇಲೆ ಹಾದುಹೋದ ಅಂಚೆ ಮುದ್ರೆಯ ಅದೇ ಬಾಗು. ಅಂಚಿನ ಎಡ ಮೂಲೆಯಲ್ಲಿ ಮೊಂಡಾದ ಅದೇ ಹಲ್ಲು. ಎರಡು ಚೀಟಿಗೆ ಒಂದೇ ಥರ ಮುದ್ರೆ ಬೀಳುವುದಿಲ್ಲ, ಅದು ಕಲಿಯುವ ಹುಡುಗರಿಗೂ ಗೊತ್ತು. ಅವನು ಕಳಿಸಿದ್ದು ಇವಳದೇ ಚೀಟಿ!

ಈಗ ಲೆನ್ಸ್ ಹಿಡಿದಳು. ಅಸಲಿ ಚೀಟಿಯಲ್ಲಿ ಊರಿನ ಹೆಸರು ಮೊದಲು ಬೀಳುತ್ತದೆ, ಅಂಚೆ ಕಚೇರಿಯ ಮುದ್ರೆ ಆಮೇಲೆ ಅದರ ಮೇಲೆ. ಇಲ್ಲಿ ಬರ್ಮಾ ಅನ್ನುವ ಅಕ್ಷರಗಳೇ ಮುದ್ರೆಯ ಗೆರೆಯನ್ನು ತುಳಿದು ಕೂತಿದ್ದವು. ಬಳಸಿ ಮುಗಿದ ಸಾದಾ ಚೀಟಿಯ ಮೇಲೆ ಯಾರೋ ಆಮೇಲೆ ಒತ್ತಿದ್ದು. ಫೋಟೋದಲ್ಲೂ ಹಾಗೇ ಇತ್ತು.

ಅಂದರೆ... ಅದು ಮೊದಲಿನಿಂದಲೂ ನಕಲಿ. ಮೇಷ್ಟ್ರು ಕೊಟ್ಟ ದಿನದಿಂದ.

ಇಷ್ಟು ವರ್ಷ ಅವಳು ಅದಕ್ಕೆ ಲೆನ್ಸ್ ಹಿಡಿದಿರಲಿಲ್ಲ. ಕಂಡಕಂಡವರ ಚೀಟಿಯನ್ನೆಲ್ಲ ತಿರುವಿ ಮುರುವಿ ನೋಡುವವಳು ಇದೊಂದನ್ನು ಮಾತ್ರ ನೋಡಿರಲಿಲ್ಲ. ಗುರು ಕೊಟ್ಟಿದ್ದನ್ನು ಪರೀಕ್ಷೆ ಮಾಡುವುದೇ? ಪ್ರಸಾದವನ್ನು ಯಾರಾದರೂ ಮೂಸಿ ನೋಡಿ ತಿನ್ನುತ್ತಾರೆಯೇ?

'ಅವನು ನೋಡಿದ್ದ! ನೋಡಿ, ಹೇಳಲಾರದೆ ವಾಪಸ್ ಮಾಡಿದ. ಅವತ್ತು ಮೇಷ್ಟ್ರ ಕಡೆ ನೋಡಿ ಬಾಯಿ ಮುಚ್ಚಿಕೊಂಡ... ದೇವರೇ, ನಾನೇನು ಮಾಡಿಬಿಟ್ಟೆ!'

ಕೂಡಲೇ ಫೋನ್ ಮಾಡಿದಳು. ಎತ್ತಿದ್ದು ಹೆಂಗಸಿನ ದನಿ.

"ಯಾರವ್ವ? ಕೆಂಚೇಶ ಫೋನು ಬಿಟ್ಟು ಹೊಲದ ಕಡೆ ಹೋಗ್ಯಾನೆ. ನಾನು ಅವನವ್ವ, ಗಿಡ್ಡಮ್ಮ."

"ಅಮ್ಮಾ... ಅವರು... ಹೆಂಗಿದಾರೆ?"

"ಏನು ಹೇಳಲಿ ತಾಯಿ. ಸ್ಕೂಲಿಗೆ ರಜಾ ಹಾಕಿ ಊರಿಗೆ, ಸೊಕ್ಕೆಗೆ ಬಂದು ಕೂತಾನೆ. ಸರಿಯಾಗಿ ಉಣ್ಣಾಕಿಲ್ಲ. ಚನ್ನಗಿರ್ಯಾಗೆ ಯಾರೋ ಹುಡುಗಿ ನನ್ನ ಮಗನ್ನ ಕಳ್ಳ ಅಂದಳಂತೆ. ಒಂದು ಪೆನ್ಸಿಲ್ ಸಿಕ್ಕಿದ್ರೂ ಸ್ಕೂಲಿನ ಮೇಷ್ಟ್ರಿಗೆ ಕೊಟ್ಟು ಬರ್ತಿದ್ದ ಹುಡುಗ ಅವ್ನು. ಆಕೆ ಯಾರು ಅಂದ್ರೆ ಹೆಸರೂ ಹೇಳ್ತಿಲ್ಲ... ನೀನ್ಯಾರವ್ವ?"

ಸಂಧ್ಯಾ ಹೆಸರು ಹೇಳದೆ ಫೋನ್ ಇಟ್ಟಳು. ಅತ್ತಳು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ?

ಸಂಜೆಯ ಬಸ್ಸಿಗೆ ಹೊನ್ನಾಳಿಗೆ ಹೋದಳು. ಪಂಚಾಕ್ಷರಪ್ಪ ಮೇಷ್ಟ್ರು ಜಗುಲಿಯಲ್ಲಿ ಪೇಪರ್ ಓದುತ್ತಿದ್ದರು. ಅವರ ಹೆಂಡತಿ ಕಸ್ತೂರಮ್ಮ ನೀರು ಕೊಟ್ಟು ಒಳಗೆ ಹೋದರು. ಸಂಧ್ಯಾ ಚೀಟಿಯನ್ನೂ ಲೆನ್ಸನ್ನೂ ಅವರ ಮುಂದೆ ಇಟ್ಟಳು.

ಮೇಷ್ಟ್ರು ಲೆನ್ಸ್ ಮುಟ್ಟಲಿಲ್ಲ.

"ನಿಮಗೆ ಗೊತ್ತಿತ್ತು," ಅಂದಳು. ಕೇಳಿದ್ದಲ್ಲ, ಹೇಳಿದ್ದು.

"ಗೊತ್ತಿತ್ತಮ್ಮ." ಅವರ ದನಿ ಕುಗ್ಗಿತ್ತು. "ನಾನೂ ಮೋಸ ಹೋಗಿ ತಗೊಂಡಿದ್ದು. ಊರೆಲ್ಲ ಮೇಷ್ಟ್ರ ಬರ್ಮಾ, ಮೇಷ್ಟ್ರ ಬರ್ಮಾ ಅಂತಿದ್ರು. ಆಮೇಲೆ ಗೊತ್ತಾದಾಗ ಬಾಯಿ ಬಿಡಾಕೆ ಆಗ್ಲಿಲ್ಲ. ನೀನು ಗೆದ್ದ ದಿನ ಎಲ್ಲರಿಗಿಂತ ದೊಡ್ಡದು ಕೊಡಬೇಕು ಅನ್ನಿಸ್ತು... ದೊಡ್ಡದು ಅಂತ ಜನ ನಂಬಿದ್ದು ನನ್ನ ಹತ್ರ ಇದೊಂದೇ."

"ಅವತ್ತು ಚನ್ನಗಿರೀಲಿ ನಾನು ಕೂಗಾಡಿದಾಗ ಒಂದು ಮಾತು ಹೇಳ್ಬಹುದಿತ್ತಲ್ಲ ಮೇಷ್ಟ್ರೇ?"

ಮೇಷ್ಟ್ರು ಮುಖ ತಿರುಗಿಸಿದರು.

"ಭಾನುವಾರ ಹೇಳ್ತೀರಾ?"

ಮೇಷ್ಟ್ರು ಬಿಟ್ಟ ಪೇಪರನ್ನು ಮತ್ತೆ ಕೈಗೆತ್ತಿಕೊಂಡರು. ಅವಳು ಕಾದಳು. ಕತ್ತಲಾಗುತ್ತ ಬಂತು. ಕೊನೆಗೆ ಚೀಟಿ ಎತ್ತಿಕೊಂಡು ಎದ್ದಳು. ತನಗೆ ವಿದ್ಯೆ ಕಲಿಸಿದವರ ಮನೆಯಿಂದ ಅವಳು ಕಾಲಿಗೆ ನಮಸ್ಕರಿಸದೆ ಬಂದದ್ದು ಅದೇ ಮೊದಲು.

ಭಾನುವಾರದ ಸಭೆಗೆ ಕೆಂಚೇಶ್ ಬಂದ. ಅವನು ವಾದ ಮಾಡಲು ಬಂದಿರಲಿಲ್ಲ. ಚನ್ನಗಿರಿಯಲ್ಲಿ ಬಿಟ್ಟುಹೋಗಿದ್ದ, ಕೂಟದವರು ಎತ್ತಿಟ್ಟಿದ್ದ ತನ್ನ ಫ್ರೇಮುಗಳನ್ನು ತಗೊಂಡು ಹೋಗಲು ಬಂದಿದ್ದ. ಗಡ್ಡ ಬೆಳೆದಿತ್ತು. ಸಂಧ್ಯಾಳ ಕಡೆ ತಿರುಗಿಯೂ ನೋಡಲಿಲ್ಲ.

ಸತೀಶ್ ಕುಮಾರ್ ಠರಾವು ಓದಲು ಎದ್ದ.

"ನಿಲ್ಲಿಸ್ರಿ!" ಸಂಧ್ಯಾ ಎದ್ದು ನಿಂತಳು. "ಅವರು ಏನೂ ಬದಲಾಯಿಸಿಲ್ಲ. ನಾನು ಕಳಿಸಿದ್ದೇ ನಕಲಿ. ಕಳಿಸೋ ಮುಂಚೆ ತೆಗೆದ ಫೋಟೋ ಐತೆ. ನೀವೇ ಲೆನ್ಸ್ ಇಟ್ಟು ನೋಡ್ರಿ."

ಫೋನು ಕೈಯಿಂದ ಕೈಗೆ ಹೋಯಿತು. ಸತೀಶ್ ಕುಮಾರ್ ಎರಡನ್ನೂ ನೋಡಿದ, ಮುಖ ಬಿಗಿದುಕೊಂಡ. ಅವತ್ತು ಜೋರಾಗಿ ಮಾತಾಡಿದವನಿಗೆ ಈಗ ಸೋಲುವುದು ಸುಲಭವಲ್ಲ.

"ಫೋಟೋ ಯಾವತ್ತು ತೆಗೆದಿದ್ದೋ ಏನೋ. ಅವತ್ತು ಕಳ್ಳ ಅಂದ್ರಿ, ಇವತ್ತು ಅಲ್ಲ ಅಂತೀರಿ. ಇವನ ಮೇಲೆ ಮನಸ್ಸೈತೆ ಅಂತ ಬಚಾವ್ ಮಾಡಾಕೆ ಹೊಂಟೀರೇನು?"

ಸಭೆಯಲ್ಲಿ ಯಾರೋ ಕಿಸಕ್ಕೆಂದರು.

"ಹೌದು, ಮನಸ್ಸೈತೆ!" ಅಂದುಬಿಟ್ಟಳು ಸಂಧ್ಯಾ. "ಮನಸ್ಸಿದ್ದೂ ಕಳ್ಳ ಅಂದೆ. ಅವರು ಒಂದು ಮಾತು ತಿರುಗಿ ಅನ್ನಲಿಲ್ಲ. ಹಿಂದಿನಿಂದ ಯಾರೋ ಜಾತಿ ಹಿಡಿದು ಚುಚ್ಚಿದಾಗ ನಾನು ಸುಮ್ಮನಿದ್ದೆ. ಠರಾವು ಮಾಡೋದಾದ್ರೆ ನನ್ನ ಹೆಸರು ತೆಗೀರಿ!"

ಕೆಂಚೇಶ್ ತಲೆ ಎತ್ತಿದ.

"ಸರಿ, ನಿಮಗೆ ಈ ನಕಲಿ ಕೊಟ್ಟೋರು ಯಾರು? ಅವರ ಹೆಸರು ಹೇಳ್ರಿ, ನಂಬ್ತೀವಿ," ಅಂದ ಸತೀಶ್ ಕುಮಾರ್.

ಸಂಧ್ಯಾಳ ನಾಲಿಗೆಯ ತುದಿಗೆ ಬಂದಿತ್ತು ಹೆಸರು. ಅವಳು ಬಾಯಿ ತೆರೆಯುವ ಮೊದಲೇ ಕೆಂಚೇಶ್ ಅಡ್ಡ ಬಂದ.

"ಬೇಡ್ರೀ. ಅದು ಬೇಡ. ನನ್ನ ಹೆಸರೇ ತೆಗೀಲಿ ಬಿಡ್ರಿ. ವಯಸ್ಸಾದೋರು..."

ಅಷ್ಟರಲ್ಲಿ ಅಧ್ಯಕ್ಷರ ಕುರ್ಚಿ ಕಿರುಗುಟ್ಟಿತು.

"ನಾನು ಕೊಟ್ಟಿದ್ದು." ಪಂಚಾಕ್ಷರಪ್ಪ ಮೇಷ್ಟ್ರು ಎದ್ದು ನಿಂತಿದ್ದರು. "ನಕಲಿ ಅಂತ ಗೊತ್ತಿದ್ದೇ ಕೊಟ್ಟೆ. ನನ್ನ ಹೆಸರು ಉಳಿಲಿ ಅಂತ ಆ ಹುಡುಗ ಬಾಯಿ ಮುಚ್ಕೊಂಡ. ನನ್ನ ಹೆಸರು ಉಳಿಲಿ ಅಂತ ನಾನೂ ಬಾಯಿ ಮುಚ್ಕೊಂಡೆ. ಇಬ್ಬರ ಮೌನ ಒಂದೇ ಅಲ್ಲಪ್ಪ... ಕೆಂಚೇಶ್, ನನ್ನ ಕ್ಷಮಿಸು."

ಸತೀಶ್ ಕುಮಾರ್ ಠರಾವಿನ ಹಾಳೆ ಮಡಚಿ ಜೇಬಿಗೆ ಹಾಕಿಕೊಂಡ.

ಹೊರಗೆ ಬಿಸಿಲು ಕಾದಿತ್ತು. ಕೆಂಚೇಶ್ ಫ್ರೇಮುಗಳನ್ನು ಕಂಕುಳಲ್ಲಿಟ್ಟುಕೊಂಡು ಬಸ್ ನಿಲ್ದಾಣದ ಕಡೆ ಹೆಜ್ಜೆ ಹಾಕುತ್ತಿದ್ದ. ಸಂಧ್ಯಾ ಓಡಿ ಬಂದು ಎದುರಿಗೆ ನಿಂತಳು.

"ಒಂದು ಮಾತು ನನಗೆ ಹೇಳ್ಬಹುದಿತ್ತಲ್ಲ! ನಕಲಿ ಐತೆ ಅಂತ ಒಂದು ಮೆಸೇಜು..."

"ದಿನಾ ಬರೀತಿದ್ದೆ, ಅಳಿಸ್ತಿದ್ದೆ. ಮೇಷ್ಟ್ರು ಅಂದ್ರೆ ನಿಮಗೆ ಅಪ್ಪ ಇದ್ದಂಗೆ ಅಂತ ನೀವೇ ಹೇಳಿದ್ರಿ. ಹೇಳಿದ್ರೆ ನೀವು ಅವರನ್ನ ಕಳ್ಕೊಳ್ತೀರಿ ಅಂತ ಹೆದರಿದೆ." ಅವನು ನೆಲ ನೋಡಿದ. "ಹೇಳದೇ ಇದ್ರೆ ನಾನೇ ನಿಮ್ಮನ್ನ ಕಳ್ಕೊಳ್ತೀನಿ ಅಂತ ಹೊಳೀಲಿಲ್ಲ."

ಸಂಧ್ಯಾಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲೂ ಇಲ್ಲ.

"ಕ್ಷಮಿಸಿ ಅಂತ ಕೇಳಾಕೂ ಮುಖ ಇಲ್ಲ ನನಗೆ."

"ನೋವಾಗೈತ್ರೀ. ಇಲ್ಲ ಅನ್ನಲ್ಲ. ಆ ಮಾತು ಇನ್ನೂ ಕಿವೀಲಿ ಐತೆ." ಫ್ರೇಮುಗಳನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿ ಕೇಳಿದ. "ಒಳಗೆ ಇನ್ನೊಂದು ಮಾತು ಅಂದ್ರಲ್ಲ... ಮನಸ್ಸೈತೆ ಅಂತ. ಅದು ನನ್ನ ಉಳಿಸಾಕೆ ಅಂದಿದ್ದಾ?"

"ಅದನ್ನ ಹೇಳಾಕೇ ಅಲ್ವಾ ಆ ಚೀಟಿ ಕಳಿಸಿದ್ದು, ಪೆದ್ದಪ್ಪ!"

ಕೆಂಚೇಶನ ಕಂಕುಳಿಂದ ಫ್ರೇಮು ಜಾರಿತು. ಇಬ್ಬರೂ ಒಟ್ಟಿಗೆ ಬಗ್ಗಿ ಹಿಡಿದರು. ಬೆರಳಿಗೆ ಬೆರಳು ತಾಗಿತು. ಇಬ್ಬರೂ ಬಿಡಲಿಲ್ಲ.

"ಜಗಳೂರಿನ ಬಸ್ಸು ಎಷ್ಟೊತ್ತಿಗೆ?" ಕೇಳಿದಳು.

"ದಾವಣಗೆರೆಗೆ ಹೋಗಿ ಹಿಡೀಬೇಕು. ಯಾಕೆ?"

"ನಾನೂ ಬರ್ತೀನಿ, ಸೊಕ್ಕೆಗೆ. ನಿಮ್ಮ ಮಗನ್ನ ಕಳ್ಳ ಅಂದೋಳು ನಾನೇ ಅಂತ ನಿಮ್ಮ ಅವ್ವನ ಎದುರಿಗೆ ನಿಂತು ಹೇಳ್ಬೇಕು."

"ಅವ್ವ ಬೈತಾಳೆ ಕಣ್ರೀ. ಬಾಯಿ ಜೋರು."

"ಬೈಸ್ಕೋತೀನಿ."

"ಬೈದು ಮುಗಿದ ಮೇಲೆ ಊಟಕ್ಕೆ ಕೂರು ಅಂತಾಳೆ..." ಅವನ ದನಿ ಸಣ್ಣದಾಯಿತು. ಕಣ್ಣು ಅವಳ ಮುಖದಲ್ಲೇ ಇತ್ತು. "ನಮ್ಮನೇಲಿ ಉಣ್ತೀರಾ?"

ಸಂಧ್ಯಾ ಅವನ ಕೈಯಿಂದ ಒಂದು ಫ್ರೇಮು ತಗೊಂಡು ತನ್ನ ಕಂಕುಳಲ್ಲಿಟ್ಟುಕೊಂಡಳು.

"ಎರಡನೇ ಸಲ ಬಡಿಸಾಕೂ ಹೇಳ್ರಿ. ಬೆಳಗ್ಗೆಯಿಂದ ನಾನೂ ಏನೂ ತಿಂದಿಲ್ಲ."