ತಲೆ ಕೊಡವುವ ತಟ್ಟು

ಗುಂಡ ಮೂರನೆಯ ಸಲ ತಲೆ ಕೊಡವಿದಾಗ ಹುಡುಗಿ ಬೇಲಿಯ ಮೇಲೆ ಬಿದ್ದಳು. ಹೆಗಲ ಮೂಳೆ ಮುರಿಯಿತು.

ಗುಂಡ ಅಂದರೆ ಸವಾರಿ ಶಾಲೆಯ ತಟ್ಟು. ಎಂಟು ವರ್ಷ ಮಕ್ಕಳನ್ನು ಹೊತ್ತು ತಿರುಗಿದ ಗಿಡ್ಡ ಕುದುರೆ, ಹಸುವಿಗಿಂತ ಸಾಧು. ಮೂರು ವಾರದಿಂದ ಅದಕ್ಕೇನೋ ಆಗಿತ್ತು. ಬೆನ್ನ ಮೇಲೆ ಕೂತು ಲಗಾಮು ಎಳೆದರೆ ಸಾಕು, ತಲೆಯನ್ನು ಮೇಲೆ ಕೆಳಗೆ ಬೀಸುತ್ತಿತ್ತು. ಇಳಿದರೆ ಸುಮ್ಮನಾಗುತ್ತಿತ್ತು.

ಬಿದ್ದವಳು ಶಾಲೆಯ ಯಜಮಾನಿಯ ಮೊಮ್ಮಗಳು. ಮರುದಿನ ಬೆಳಿಗ್ಗೆಯೇ ತೀರ್ಪು ಬಂತು. ಲಾಯ ನೋಡಿಕೊಳ್ಳುವ ಮೀಸೆ ಮಾಮ ಕೆಲಸ ಬಿಟ್ಟು ಹೋಗಬೇಕು. ಸಂಜೆ ಐದಕ್ಕೆ ಗುಂಡನಿಗೆ ಇಂಜೆಕ್ಷನ್, ಮತ್ತೆ ಏಳದ ಹಾಗೆ. ಹೋದ ತಿಂಗಳು ಎಲ್ಲರೆದುರು ಬೈಸಿಕೊಂಡ ಸೇಡಿಗೆ ಮಾಮ ಮೇವಿನಲ್ಲಿ ಏನೋ ಬೆರೆಸಿದ್ದಾನಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ನಾನು ಕುದುರೆಯ ಜೀನು, ಲಗಾಮು ಹೊಲಿಯುವವಳು. ಅಪ್ಪನ ಅಂಗಡಿ, ಅಪ್ಪ ಕಲಿಸಿದ ಕೆಲಸ. ಮೀಸೆ ಮಾಮ ರಕ್ತಸಂಬಂಧಿಯೇನಲ್ಲ. ಆದರೆ ಚಿಕ್ಕಂದಿನಲ್ಲಿ ನನ್ನನ್ನು ಕುದುರೆ ಹತ್ತಿಸಿದವನು ಅವನೇ. ಅಂಗಡಿಯ ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಂಡ.

"ನಾನೇನೂ ಮಾಡಿಲ್ಲ ಕಣಮ್ಮಾ. ಒಂದ್ಸಲ ಬಂದು ನೋಡು."

ಒಳಗೆ ಹೊಲಿಯುತ್ತಿದ್ದ ಅಪ್ಪ ತಲೆ ಎತ್ತಲಿಲ್ಲ.

*

ಲಾಯದಲ್ಲಿ ಪಶುವೈದ್ಯರು ಸಿಕ್ಕರು.

"ಹಲ್ಲು ನೋಡಿದ್ರಾ?"

"ನೋಡ್ದೆ. ಚೆನ್ನಾಗಿದೆ. ಕಿವೀಲಿ ಉಣ್ಣೆ ಹುಳ ಇಲ್ಲ, ಕೀವಿಲ್ಲ."

"ಬಿಸಿಲು? ನೊಣ?"

"ಮುಖಕ್ಕೆ ಬಲೆ ಕಟ್ಟಿ ನೋಡಿದ್ವಿ. ಮೋಡದ ದಿನಾನೂ ಹೀಗೇ."

"ಮೇವು?"

"ಅದೇ ಮೂಟೆ ಇನ್ನೂ ನಾಲ್ಕು ಕುದುರೆ ತಿಂತಿವೆ. ಅವಕ್ಕೇನಾಗಿಲ್ಲ. ಬಾಯಿಗೆ ಹಾಕೋ ಕಡಿವಾಣಾನೂ ಎರಡು ಸಲ ಬದಲಾಯಿಸಿದ್ರು. ನರದ ಕಾಯಿಲೆ ಇರ್ಬೇಕು."

ನಾನು ಮಾಮನ ಕಡೆ ತಿರುಗಿದೆ. "ಹೊಸ ಕಡಿವಾಣಾನ ಯಾವುದಕ್ಕೆ ಕಟ್ಟಿದ್ರಿ?"

"ಇನ್ಯಾವುದಕ್ಕೆ? ಗುಂಡನ ಹಳೇ ತಲೆಪಟ್ಟಿಗೇ."

ಬೇರೆ ಕುದುರೆಯ ತಲೆಪಟ್ಟಿ ತರಿಸಿ ಗುಂಡನಿಗೆ ಹಾಕಿದೆ. ಲಗಾಮು ಎಳೆದೆ. ಕಲ್ಲಿನಂತೆ ನಿಂತಿತು. ಅದರದೇ ಪಟ್ಟಿ ಹಾಕಿ ಎಳೆದೆ. ತಲೆ ಹಾರಿತು.

ಕಿವಿಗಳ ಹಿಂದಿನ ಕೂದಲನ್ನು ಬಿಡಿಸಿ ನೋಡಿದೆ. ಸಾಸಿವೆಯಷ್ಟು ಒಣಗಿದ ರಕ್ತ, ನಾಲ್ಕೈದು ಕಡೆ. ನೆತ್ತಿಯ ಮೇಲೆ ಹಾಯುವ ಪಟ್ಟಿಯನ್ನು ಕೈಯಲ್ಲಿ ಬಲವಾಗಿ ಬಗ್ಗಿಸಿದೆ. ಹೆಬ್ಬೆರಳಿಗೆ ಚುಚ್ಚಿತು.

ಅಷ್ಟರಲ್ಲಿ ಯಜಮಾನಿಯೂ ಬಂದರು. ಎಲ್ಲರ ಮುಂದೆ ಪಟ್ಟಿಯ ಅಸ್ತರು ಸೀಳಿದೆ. ಒಳಗೆ ದಬ್ಬಳದ ಮುರಿದ ಮೊನೆ, ಉಗುರಿನಷ್ಟುದ್ದ.

"ನೋಡಿದ್ಯಾ!" ಅಂದರು ಯಜಮಾನಿ. "ಮೂಟೆ ಹೊಲಿಯೋ ದಬ್ಬಳ ಇರೋದು ಇವನ ಹತ್ರ. ಇವನೇ ಚುಚ್ಚಿಟ್ಟಿದಾನೆ!"

ಮೊನೆ ಕಂಡ ಕೂಡಲೇ ನನಗೆ ಎಲ್ಲ ತಿಳಿದಿತ್ತು. ಗುಂಡ ಹೇಗೂ ಉಳಿಯಿತು, ಬಾಯಿಗೆ ಬೀಗ ಹಾಕಿಕೊಂಡರೆ ನಮ್ಮ ಮನೆಯ ಮಾನವೂ ಉಳಿಯುತ್ತಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದು ಗಳಿಗೆ ಹಾಕಿಕೊಂಡೇ ಇದ್ದೆ.

"ಮಾಮ ಅಲ್ಲ," ಅಂದೆ ಕೊನೆಗೆ. "ಇಲ್ಲಿ ನೋಡಿ, ಮುರಿದ ತುದಿ ಮೇಲೆ ದಾರ ಹಾಯ್ದಿದೆ. ಅಂದ್ರೆ ಹೊಲಿಗೆ ಮುಗಿಯೋಕೆ ಮುಂಚೇನೇ ಇದು ಒಳಗಿತ್ತು. ಹೊಲಿಯೋವಾಗ ಮುರಿದು ಮೆತ್ತೇಲಿ ಉಳಿದಿದೆ. ಸುಮ್ನೆ ಸವರಿದ್ರೆ ಗೊತ್ತಾಗಲ್ಲ. ಲಗಾಮು ಎಳೆದಾಗ ಪಟ್ಟಿ ಬಿಗಿಯಾಗಿ ಮೊನೆ ಹೊರಗೆ ಬರುತ್ತೆ."

"ಹೊಲಿದವ್ರು ಯಾರು?"

"ಕೊನೇಲಿ ಮೂರು ಸಲ ಹಿಂದಕ್ಕೆ ಹೊಲಿದು ದಾರ ಮುಗಿಸೋದು ನಮ್ಮಂಗಡೀಲಿ ಮಾತ್ರ. ಮೂರು ವಾರದ ಹಿಂದೆ ರಿಪೇರಿಗೆ ಬಂದಿತ್ತು. ಆವತ್ತು ನಾನು ಚರ್ಮ ತರೋಕೆ ಹೋಗಿದ್ದೆ."

"ಅಂದ್ರೆ?"

"ನಮ್ಮಪ್ಪ."

ವೈದ್ಯರು ಚೀಲ ಮುಚ್ಚಿದರು. ಯಜಮಾನಿ ಮಾಮನಿಗೆ "ನಾಳೆಯಿಂದ ಬಾ" ಅಂದರು. ತಪ್ಪಾಯಿತು ಅನ್ನಲಿಲ್ಲ. ಮಾಮ ಗುಂಡನ ಕುತ್ತಿಗೆ ಸವರಿ, ಯಾರ ಮುಖವನ್ನೂ ನೋಡದೆ ಮನೆಗೆ ಹೋದ.

*

ನಮ್ಮಂಗಡಿಯಲ್ಲಿ ಒಂದು ಕಟ್ಟಳೆ ಇದೆ. ಅಪ್ಪನೇ ಮಾಡಿದ್ದು. ದಬ್ಬಳ ಮುರಿದರೆ ಎರಡೂ ತುಂಡನ್ನು ಜೋಡಿಸಿ ಇನ್ನೊಬ್ಬರಿಗೆ ತೋರಿಸಬೇಕು. ಅಲ್ಲಿಯವರೆಗೆ ಮಾಲು ಹೊಸಿಲು ದಾಟಬಾರದು. ಹನ್ನೊಂದನೇ ವಯಸ್ಸಿನಲ್ಲಿ ನಾನು ಒಂದು ತುಂಡಿಗಾಗಿ ಇಡೀ ಜೀನು ಬಿಚ್ಚಿದ್ದೇನೆ, ಅಪ್ಪನ ಎದುರಿಗೆ, ಅಳುತ್ತಾ.

ಮೊನೆಯನ್ನು ಅವನ ಮುಂದಿಟ್ಟೆ. ಬೆರಳಿನಿಂದ ತಡವಿ ನೋಡಿದ.

"ಸಿಕ್ತಾ?" ಅಂದ.

"ಗೊತ್ತಿತ್ತಾ ನಿಂಗೆ?"

"ಮುರಿದಿದ್ದು ಗೊತ್ತಿತ್ತು. ಮೊನೆ ಕಾಣಿಸ್ಲಿಲ್ಲ. ನೆಲಕ್ಕೆ ಬಿದ್ದಿರ್ಬೇಕು ಅಂದ್ಕೊಂಡೆ."

"ಮಗು ಬಿದ್ದ ಮೇಲೆ? ಮಾಮ ಇಲ್ಲೇ ಕೂತು ಅತ್ತನಲ್ಲ, ಆವಾಗ?"

"ಹೇಳಿದ್ರೆ ಕಣ್ಣು ಹೋಗಿದೆ ಅಂತ ನನ್ನ ಕೆಲಸ ಬಿಡಿಸ್ತಿದ್ದೆ ನೀನು."

"ಅದಕ್ಕೆ ಇನ್ನೊಬ್ಬನ ಅನ್ನಕ್ಕೆ ಕಲ್ಲು ಹಾಕಿದ್ಯಾ?"

ಅಪ್ಪ ಮೊನೆಯನ್ನು ಪಕ್ಕಕ್ಕೆ ಸರಿಸಿದ.

"ಯಜಮಾನಿಗೆ ನನ್ನ ಹೆಸರು ಹೇಳಿದ್ಯಾ?"

"ಹೇಳ್ದೆ."

"ನಾನೇ ಹೊಲಿದೆ ಅನ್ಬಹುದಿತ್ತಲ್ಲ ನೀನು. ಚಿಕ್ಕವಳು, ಕೈ ತಪ್ತು ಅಂದ್ರೆ ಯಾರೇನಂತಿದ್ರು?"

ಮೈಯೆಲ್ಲ ಉರಿಯಿತು. ಅದರ ಹಿಂದೆಯೇ ಅಳು ಬಂತು. ಈ ಮನುಷ್ಯನನ್ನೇ ದೇವರು ಅಂದುಕೊಂಡು ಇಷ್ಟು ವರ್ಷ ಹೊಲಿದಿದ್ದೆ.

"ಏಳಪ್ಪ, ಮಾಮನ ಮನೆಗೆ ಹೋಗೋಣ. ನೀನೇ ಹೇಳ್ಬೇಕು."

ಅಪ್ಪ ಇನ್ನೊಂದು ಪಟ್ಟಿಯನ್ನು ತೊಡೆಯ ಮೇಲೆ ಎಳೆದುಕೊಂಡು ದಾರಕ್ಕೆ ಮೇಣ ಹಚ್ಚತೊಡಗಿದ. ನಾನು ಅದನ್ನು ಕಿತ್ತುಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಮಾಮನ ಮನೆಗೆ ಒಬ್ಬಳೇ ಹೋದೆ.